ಮಾರ್ಚ್ ಗಾಳಿಗೆ ಬಣ್ಣವಿಲ್ಲ

ಅಮೆರಿಕದ ಚಿತ್ರಕಾರ ಗ್ರಾಂಟ್ ವುಡ್ ಹೆಸರು ಕೇಳಿದ ಕೂಡಲೇ ಕಣ್ಣಿಗೆ ಬರುವುದು ಒಂದೇ ಚಿತ್ರ. ಕವೆಗೋಲು ಹಿಡಿದು ಮೋರೆ ಬಿಗಿದು ನಿಂತ ರೈತ, ಪಕ್ಕದಲ್ಲಿ ಅಷ್ಟೇ ಬಿಗಿದ ಮುಖದ ಹೆಂಗಸು, ಬೆನ್ನಿಗೆ ಚೂಪು ಕಮಾನಿನ ಕಿಟಕಿಯ ಬಿಳಿ ಮನೆ. 1930ರ ಈ ‘ಅಮೆರಿಕನ್ ಗಾಥಿಕ್’ ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಜಾಹೀರಾತು, ವ್ಯಂಗ್ಯಚಿತ್ರ, ಅಣಕುಗಳಲ್ಲಿ ಇದರಷ್ಟು ಸವೆದುಹೋದ ಅಮೆರಿಕನ್ ಚಿತ್ರ ಇನ್ನೊಂದಿರಲಾರದು. ಸ್ವಲ್ಪ ಹೆಚ್ಚು ಬಲ್ಲವರು ಅವನ ಹಸಿರು ಗುಡ್ಡಗಳನ್ನೂ ಸಾಲು ತಪ್ಪದ ಜೋಳದ ಹೊಲಗಳನ್ನೂ ನೆನೆಯುತ್ತಾರೆ. ಇವೆಲ್ಲದರ ನೆರಳಿನಲ್ಲಿ ಉಳಿದುಹೋದದ್ದು ‘ಮಾರ್ಚ್’ ಎಂಬ ಒಂದು ಕಲ್ಲಚ್ಚು (ಲಿಥೊಗ್ರಾಫ್). ಹೆಚ್ಚುಕಡಿಮೆ 9 ಇಂಚು ಎತ್ತರ, 12 ಇಂಚು ಅಗಲದ ಕಪ್ಪು-ಬಿಳುಪು ಹಾಳೆ. ಬದುಕಿನ ಕೊನೆಯ ಕೆಲವೇ ವರ್ಷಗಳಲ್ಲಿ ಅವನು ಮಾಡಿದ್ದು. ಗಾಳಿಯ ಹೊಡೆತಕ್ಕೆ ಸಿಕ್ಕ ಬೋಳು ಜಮೀನು, ಅಷ್ಟೆ. ಬೇಸಾಯದ ಬಗ್ಗೆ ವುಡ್ ಹೇಳಿದ ಅತ್ಯಂತ ನಿಜವಾದ ಮಾತು ಇಲ್ಲಿದೆ, ಅವನ ಹೆಸರಾಂತ ಬಣ್ಣದ ಚಿತ್ರಗಳಲ್ಲಿ ಅದು ಇಲ್ಲ ಎನ್ನುವುದು ನನ್ನ ವಾದ. ವಾದಕ್ಕೆ ಎದುರು ಹೇಳುವಂಥ ಮಾತುಗಳೂ ಇವೆ, ಅವೇನೂ ಹಗುರವಾದವಲ್ಲ.

ಚಿತ್ರದಲ್ಲಿರುವ ಸಾಮಗ್ರಿ ತೀರ ಕಡಿಮೆ. ಗುಡ್ಡದ ಏರಿಳಿತ, ದಾರಿ, ಕುದುರೆ ಕಟ್ಟಿದ ಬಂಡಿ, ಗಾಳಿಗೆ ಬಾಗಿದ ಮರ. ಬೆಳೆ ಇಲ್ಲ. ನಮ್ಮ ಕಾವ್ಯಗಳು ಕಲಿಸಿಕೊಟ್ಟ ವಸಂತದಲ್ಲಿ ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ವುಡ್‌ನ ಹುಟ್ಟುನಾಡು ಅಯೋವಾದ ಮಾರ್ಚ್ ತಿಂಗಳನ್ನು ನೋಡಿದರೆ ಅಲ್ಲಿ ಯಾವುದೂ ಕೈಗೆ ಸಿಕ್ಕುವುದಿಲ್ಲ. ಅಮೆರಿಕದ ನಡುಭಾಗದಲ್ಲಿ, ಮಿಸಿಸಿಪ್ಪಿ ಮತ್ತು ಮಿಸೌರಿ ನದಿಗಳ ನಡುವೆ ಇರುವ ಈ ರಾಜ್ಯಕ್ಕೆ ಬಡಗಲಿಂದ ಕೆನಡಾದ ಚಳಿಗಾಳಿ, ತೆಂಕಲಿಂದ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ಗಾಳಿ ಎರಡೂ ತಡೆಯಿಲ್ಲದೆ ನುಗ್ಗುತ್ತವೆ. ಅಡ್ಡ ನಿಲ್ಲಲು ಒಂದು ಬೆಟ್ಟಸಾಲೂ ಇಲ್ಲ. ಚಳಿಗಾಲ ಕಾಲ್ತೆಗೆಯುವ ಹೊತ್ತಿಗೆ ಈ ಎರಡರ ನಡುವಣ ಉಷ್ಣತೆಯ ಅಂತರ ಹೆಚ್ಚಿರುವುದರಿಂದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗಾಳಿಯ ಬಿರುಸು ಜೋರು. ಹಿಮ ಕರಗಿರುತ್ತದೆ, ಹುಲ್ಲು ಇನ್ನೂ ಎದ್ದಿರುವುದಿಲ್ಲ, ಕಳೆದ ವರ್ಷದ ಜೋಳದ ಕೂಳೆ ಮಾತ್ರ ನೆಲದಲ್ಲಿ ನಿಂತಿರುತ್ತದೆ. ಮೇಲೆ ಕೆಸರು, ಕೆಳಗೆ ಹೆಪ್ಪುಗಟ್ಟಿದ ಮಣ್ಣು. ನೇಗಿಲು ಇಳಿಸುವ ಹಾಗಿಲ್ಲ. ಓಟ್ಸ್ ಬಿತ್ತನೆಗೆ ತಿಂಗಳ ಕೊನೆಯೋ ಏಪ್ರಿಲ್ ಮೊದಲೋ ಆಗಬೇಕು, ಮೆಕ್ಕೆಜೋಳಕ್ಕೆ ಮೇ ತಿಂಗಳೇ ಗತಿ. ರೈತನಿಗೆ ಈ ಹೊತ್ತಿನಲ್ಲಿ ಕೆಲಸವಿಲ್ಲದೆ ಇಲ್ಲ, ಆದರೆ ಹೊಲದ ಮೇಲೆ ಅವನ ಹಿಡಿತ ಮಾತ್ರ ಸೊನ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರು ಬಂದು ಉಳುವ ಮುಂಚೆ ಈ ನೆಲದ ಬಹುಭಾಗವನ್ನು ಆಳೆತ್ತರದ ಪ್ರೇರಿ ಹುಲ್ಲು ಹಿಡಿದುಕೊಂಡಿತ್ತು. ಇವತ್ತು ಅದರಲ್ಲಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ಬೋಳು ಗುಡ್ಡದ ಮೇಲೆ ಗಾಳಿ ಹಾಗೆ ಹರಿದಾಡುವುದರಲ್ಲಿ ಮನುಷ್ಯನ ಕೈಯೂ ಇದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿಯನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅಂದಿನ ಅಯೋವಾದವರಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ಆ ಸೀಮೆಯಲ್ಲಿ ಜಮೀನಿನ ಗೇಣಿಯ ವರ್ಷ ಶುರುವಾಗುವುದು ಮಾರ್ಚ್ 1ಕ್ಕೆ. ಹಳೆಯ ಕರಾರು ಮುಗಿದು ಹೊಸದು ಕುದುರುವುದೂ, ಸಾಲದ ಕಂತು ಕಟ್ಟುವುದೂ, ಒಂದು ಜಮೀನು ಬಿಟ್ಟು ಇನ್ನೊಂದಕ್ಕೆ ಸಂಸಾರ ಸಾಗಿಸುವುದೂ ಆ ದಿನದ ಆಸುಪಾಸಿನಲ್ಲೇ. ಇದು ಎಲ್ಲೋ ಕೆಲವರ ಪಾಡು ಎಂದುಕೊಳ್ಳಬೇಕಿಲ್ಲ: 1930ರ ದಶಕದ ನಡುವಿನಲ್ಲಿ ಅಯೋವಾದ ಜಮೀನುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಗೇಣಿದಾರರ ಕೈಯಲ್ಲಿದ್ದವು. ಒಲೆ, ಹಾಸಿಗೆ, ಕೋಳಿ, ಮಕ್ಕಳು ಎಲ್ಲವನ್ನೂ ಹೇರಿಕೊಂಡು ಕೆಸರು ದಾರಿಯಲ್ಲಿ ಹೋಗುವ ಬಂಡಿಗಳು ಮಾರ್ಚ್ ತಿಂಗಳ ಮಾಮೂಲು ನೋಟ. ಅದಕ್ಕೂ ಹಿಂದಿನ ಕೆಲವು ವರ್ಷಗಳು ಇನ್ನಷ್ಟು ಕೆಟ್ಟವು. 1932-33ರ ಚಳಿಗಾಲದಲ್ಲಿ ಒಂದು ಬುಷೆಲ್, ಅಂದರೆ ಸುಮಾರು 25 ಕಿಲೊ, ಮೆಕ್ಕೆಜೋಳದ ಬೆಲೆ 10 ಸೆಂಟ್‌ಗೆ ಇಳಿದಿತ್ತು. ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕುವುದು ಅಗ್ಗ ಎನ್ನುವ ಸ್ಥಿತಿ. 1933ರ ಏಪ್ರಿಲ್‌ನಲ್ಲಿ ಲೆ ಮಾರ್ಸ್ ಎಂಬ ಊರಿನಲ್ಲಿ ರೈತರ ಗುಂಪೊಂದು ನ್ಯಾಯಾಧೀಶ ಚಾರ್ಲ್ಸ್ ಬ್ರ್ಯಾಡ್ಲಿಯನ್ನು ಕೋರ್ಟಿನಿಂದಲೇ ಎಳೆದೊಯ್ದು, ಜಮೀನು ಜಪ್ತಿಯ ಆದೇಶಗಳನ್ನು ನಿಲ್ಲಿಸೆಂದು ಕೊರಳಿಗೆ ಹಗ್ಗ ಹಾಕಿ ಬೆದರಿಸಿತು; ಸರ್ಕಾರ ಅಲ್ಲಿ ಮಾರ್ಷಲ್ ಲಾ ಹೇರಬೇಕಾಯಿತು. ವುಡ್‌ನ ಬಂಡಿಯಲ್ಲಿ ಇರುವವನು ಗೇಣಿ ತಪ್ಪಿದವನೇ ಎಂದು ನಾನು ಹೇಳುತ್ತಿಲ್ಲ, ಚಿತ್ರದಲ್ಲಿ ಅದಕ್ಕೆ ಆಧಾರವಿಲ್ಲ. ಆದರೆ ಮಾರ್ಚ್ ಎಂಬ ಹೆಸರು, ದಾರಿಯಲ್ಲೊಂದು ಬಂಡಿ, ಎದುರು ಗಾಳಿ, ಈ ಮೂರನ್ನು ಒಟ್ಟಿಗೆ ಇಟ್ಟಾಗ ಆ ನೆಲದ ನೋಡುಗನ ಮನಸ್ಸಿನಲ್ಲಿ ಲೆಕ್ಕಪತ್ರದ ನೆರಳು ಬೀಳದೆ ಇರಲು ಸಾಧ್ಯವಿರಲಿಲ್ಲ.

ಇದರ ಪಕ್ಕಕ್ಕೆ ಅವನ ‘ಸ್ಪ್ರಿಂಗ್ ಟರ್ನಿಂಗ್’ ಇಟ್ಟು ನೋಡಬೇಕು. 1936ರ ಈ ಬಣ್ಣದ ಚಿತ್ರ ಈಗ ನಾರ್ತ್ ಕೆರೊಲಿನಾದ ರೆನಾಲ್ಡ ಹೌಸ್ ಸಂಗ್ರಹದಲ್ಲಿದೆ. ಎತ್ತರದಿಂದ ಕಂಡ ಹಾಗೆ ಉಬ್ಬಿ ನಿಂತ ಹಸಿರು ಗುಡ್ಡಗಳು, ಅವುಗಳ ಮೇಲೆ ಅಳತೆಗೋಲು ಇಟ್ಟು ಕೊಯ್ದಂತೆ ಕಂದು ಚೌಕಗಳು, ಆ ಚೌಕಗಳ ಅಂಚಿನಲ್ಲಿ ಇರುವೆಯಷ್ಟಾಗಿ ಕಾಣುವ ನೇಗಿಲು, ಕುದುರೆ, ಮನುಷ್ಯ. ಗಾಳಿಯ ಸುಳಿವೇ ಇಲ್ಲ. ನೋಡಲು ಸೊಗಸು, ನಿಜ. ಇಷ್ಟು ಶಾಂತವಾದ ಭೂಮಿಯನ್ನು ಯಾರಾದರೂ ಇಷ್ಟಪಡುತ್ತಾರೆ. ಆದರೆ ಬೇಸಾಯದ ಕಣ್ಣಿನಿಂದ ನೋಡಿದರೆ ಆ ಚೌಕಗಳೇ ಗಾಬರಿ ಹುಟ್ಟಿಸುತ್ತವೆ. ಇಳಿಜಾರು ನೆಲವನ್ನು ಅದರ ಬಾಗು ಲೆಕ್ಕಿಸದೆ ಚೌಕ ಹೊಡೆದು ಉತ್ತರೆ ಮಳೆನೀರು ಉಳುಮೆಯ ಸಾಲನ್ನೇ ಕಾಲುವೆ ಮಾಡಿಕೊಂಡು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ವುಡ್ ಆ ಚಿತ್ರ ಬರೆಯುವ ಹೊತ್ತಿಗೆ ಮಣ್ಣುತಜ್ಞ ಹ್ಯೂ ಹ್ಯಾಮಂಡ್ ಬೆನೆಟ್ ಇದನ್ನೇ ದೇಶಕ್ಕೆಲ್ಲ ಸಾರುತ್ತಿದ್ದ. 1935ರ ಏಪ್ರಿಲ್‌ನಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ಅವನ ಮುಂದಾಳತ್ವದಲ್ಲಿ ಶುರುವಾಯಿತು, ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯ ಉಳುಮೆ ಮಾಡಿ ಎಂದು ರೈತರಿಗೆ ಕಲಿಸತೊಡಗಿತು. ‘ಸ್ಪ್ರಿಂಗ್ ಟರ್ನಿಂಗ್’ ಮನುಷ್ಯನಿಗೆ ಭೂಮಿಯ ಮೇಲೆ ಪೂರ್ತಿ ಹಿಡಿತವಿದೆ ಎಂದು ನಂಬಿಸುತ್ತದೆ. ಆ ನಂಬಿಕೆಯೇ ಆ ದಶಕದಲ್ಲಿ ಮಣ್ಣುಪಾಲಾಗುತ್ತಿತ್ತು. ‘ಮಾರ್ಚ್’ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅಲ್ಲಿ ಎಲ್ಲಕ್ಕಿಂತ ಬಲವಾದದ್ದು ಗಾಳಿ, ಉಳಿದದ್ದೆಲ್ಲ ಅದರ ಲೆಕ್ಕಕ್ಕೆ ಒಳಪಟ್ಟದ್ದು.

ಇಷ್ಟನ್ನು ವಿಷಯದ ಮಟ್ಟಿಗೆ ಹೇಳಬಹುದು. ನನಗೆ ಇನ್ನೂ ಮುಖ್ಯವೆನಿಸುವುದು ಕಲ್ಲಚ್ಚಿನ ಕೆಲಸವೇ ವುಡ್‌ನ ಕೈಯನ್ನು ಹೇಗೆ ಬದಲಿಸಿತು ಎಂಬುದು. ಈ ವಿಧಾನವನ್ನು 1790ರ ದಶಕದ ಕೊನೆಯಲ್ಲಿ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ. ಸೋಲ್ನ್‌ಹೋಫೆನ್‌ನ ನಯವಾದ ಸುಣ್ಣಕಲ್ಲಿನ ಚಪ್ಪಡಿಯನ್ನು ಮರಳು ಹಾಕಿ ಉಜ್ಜಿ ಸಣ್ಣಗೆ ತರಿ ಬರಿಸಿ, ಅದರ ಮೇಲೆ ಕೊಬ್ಬಿನ ಅಂಶವಿರುವ ಕಪ್ಪು ಬಳಪದಿಂದ ಚಿತ್ರ ಬರೆಯುತ್ತಾರೆ. ಗೋಂದು ಮತ್ತು ತೆಳು ಆಮ್ಲದ ಲೇಪ ಕೊಟ್ಟು ಚಿತ್ರವನ್ನು ಕಲ್ಲಿಗೆ ಕಚ್ಚಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಹಚ್ಚಿ ಎಣ್ಣೆಮಸಿಯ ಉರುಳೆ ಹೊರಳಿಸಿದರೆ ಒದ್ದೆ ಜಾಗ ಮಸಿಯನ್ನು ದೂಡುತ್ತದೆ, ಬಳಪ ತಗುಲಿದ ಜಾಗ ಹಿಡಿದುಕೊಳ್ಳುತ್ತದೆ. ಕೆತ್ತನೆ ಇಲ್ಲ, ಕೊರೆತ ಇಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲಿ ತಂದಿಟ್ಟುಕೊಂಡದ್ದು ಇದೇ ಬಗೆಯ ಅಚ್ಚುಕೂಟ. ಕನ್ನಡದ ಮೊದಲ ಪತ್ರಿಕೆ, ಹರ್ಮನ್ ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’, 1843ರಲ್ಲಿ ಹೊರಬಿದ್ದದ್ದು ಕಲ್ಲಚ್ಚಿನಲ್ಲೇ. ಅಕ್ಷರಕ್ಕೆ ಅಗ್ಗದ ದಾರಿಯಾಗಿದ್ದ ಈ ವಿಧಾನ ಚಿತ್ರಕಾರನಿಗೆ ಬೇರೆಯೇ ಒಂದನ್ನು ಕೊಡುತ್ತದೆ: ಕಲ್ಲಿನ ತರಿ ಬಳಪದ ಪ್ರತಿ ಗೀರನ್ನೂ ಕಾಳುಕಾಳಾಗಿ ಒಡೆಯುತ್ತದೆ. ಬೂದು ಬಣ್ಣ ಎಲ್ಲೂ ಗಟ್ಟಿಯಾಗಿ ಕೂರದೆ ಕಾಗದದ ಮೇಲೆ ಚೆದುರಿದಂತೆ ಇರುತ್ತದೆ. ಬಣ್ಣದ ಚಿತ್ರಗಳಲ್ಲಿ ವುಡ್ ಇದಕ್ಕೆ ಪೂರ್ತಿ ವಿರುದ್ಧ. 1928ರಲ್ಲಿ ಮ್ಯೂನಿಕ್‌ನಲ್ಲಿ ಕಂಡ ಹಳೆಯ ಫ್ಲೆಮಿಷ್ ಮತ್ತು ಜರ್ಮನ್ ಚಿತ್ರಗಳಿಂದ ಕಲಿತು, ಮೇಲ್ಮೈಯನ್ನು ನುಣುಪು ಮಾಡಿ, ಅಂಚುಗಳನ್ನು ಬಿಗಿಗೊಳಿಸಿ, ಮರಗಳನ್ನು ಲಾಡುವಿನ ಹಾಗೆ ಉಂಡೆ ಕಟ್ಟಿ ಇಡುವುದು ಅವನ ಅಭ್ಯಾಸ. ಅಂಥ ಮರ ಗಾಳಿಗೆ ಅಲುಗಾಡಲಾರದು. ಬೋಳು ಕೊಂಬೆಯ ಮಾರ್ಚ್ ಮರಕ್ಕೆ ಉಂಡೆ ಕಟ್ಟಲು ಎಲೆಯೇ ಇಲ್ಲ. ಜೊತೆಗೆ ತರಿ ಕಲ್ಲು ನುಣುಪಿಗೆ ಎಡೆ ಕೊಡುವುದಿಲ್ಲ. ಹೀಗೆ ಋತು ಮತ್ತು ಸಾಧನ ಎರಡೂ ಸೇರಿ ಅವನ ಅತಿ ಅಚ್ಚುಕಟ್ಟನ್ನು ಸ್ವಲ್ಪ ಸಡಿಲಿಸಿದವು. ಚಿತ್ರದಲ್ಲಿ ಗಾಳಿ ಓಡಾಡಲು ಜಾಗವಾದದ್ದು ಅಲ್ಲಿ.

ಇದಕ್ಕೆ ಮೊದಲ ಆಕ್ಷೇಪ ವ್ಯಾಪಾರದ್ದು. ವುಡ್ ಕಪ್ಪು-ಬಿಳುಪನ್ನು ಆರಿಸಿಕೊಂಡದ್ದು ಮಾರ್ಚ್ ತಿಂಗಳ ಸತ್ಯಕ್ಕಾಗಿ ಅಲ್ಲ, ಮಾರಾಟಗಾರ ಕೇಳಿದ್ದಕ್ಕೆ ಎನ್ನಬಹುದು. ರೀವ್ಸ್ ಲೆವೆಂಥಾಲ್ 1934ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್ ಎಂಬ ಸಂಸ್ಥೆ ಹೆಸರಾಂತ ಕಲಾವಿದರ ಸಹಿ ಇರುವ ಅಚ್ಚುಚಿತ್ರಗಳನ್ನು ತಲಾ 5 ಡಾಲರಿಗೆ, ಮೊದಲು ದೊಡ್ಡ ಅಂಗಡಿಗಳಲ್ಲಿ, ಆಮೇಲೆ ಅಂಚೆಯ ಮೂಲಕ ಮಾರುತ್ತಿತ್ತು. ಸಾಮಾನ್ಯವಾಗಿ ಒಂದು ಚಿತ್ರಕ್ಕೆ 250 ಪ್ರತಿ. ಮುದ್ರಣ ಜಾರ್ಜ್ ಮಿಲ್ಲರ್ ಎಂಬ ನುರಿತ ಕುಶಲಕರ್ಮಿಯದು. 1937ರಿಂದ ಆಚೆ ವುಡ್ ಮಾಡಿದ 19 ಕಲ್ಲಚ್ಚುಗಳೂ ಈ ಪೇಟೆಗೆಂದೇ ತಯಾರಾದವು. ಬರಿಮೈಯಲ್ಲಿ ಸ್ನಾನ ಮಾಡುತ್ತಿರುವ ಕೂಲಿಯಾಳಿನ ‘ಸಲ್ಟ್ರಿ ನೈಟ್’ ಚಿತ್ರವನ್ನು ಅಂಚೆ ಇಲಾಖೆ ಅಶ್ಲೀಲವೆಂದು ಸಾಗಿಸಲು ಒಪ್ಪದೆ, ಅದರ ಪ್ರತಿಗಳನ್ನು ನೂರಕ್ಕೇ ನಿಲ್ಲಿಸಬೇಕಾಯಿತು ಎಂಬುದೂ ಈ ವ್ಯಾಪಾರದ ಕತೆಯ ಒಂದು ತುಣುಕು. ಪೇಟೆಯ ಒತ್ತಡ ಇತ್ತು, ಒಪ್ಪೋಣ. ಆದರೆ ಬಣ್ಣಕ್ಕೆ ಬಾಗಿಲು ಮುಚ್ಚಿರಲಿಲ್ಲ. ಹಣ್ಣು, ತರಕಾರಿ, ತೋಟದ ಹೂ, ಕಾಡಿನ ಹೂ ಎಂಬ ನಾಲ್ಕು ಕಲ್ಲಚ್ಚುಗಳಿಗೆ ಅವನ ತಂಗಿ ನ್ಯಾನ್ ಮತ್ತು ಆಕೆಯ ಗಂಡ ಕೈಯಾರೆ ಬಣ್ಣ ತುಂಬಿದರು, ಅವೂ ಅದೇ ಸಂಸ್ಥೆಯಿಂದ ಮಾರಾಟವಾದವು. ಹೂಹಣ್ಣಿಗೆ ಬಣ್ಣ ಬೇಕೆನಿಸಿತು, ಹೊಲಕ್ಕೆ ಬೇಡವೆನಿಸಿತು.

ಇನ್ನೂ ಬಲವಾದ ಸಾಕ್ಷಿ ಹೆಸರುಗಳಲ್ಲಿದೆ. ಈ 19ರಲ್ಲಿ ತಿಂಗಳ ಹೆಸರು ಹೊತ್ತವು ಐದು: ಜನವರಿ, ಫೆಬ್ರವರಿ, ಮಾರ್ಚ್, ಜುಲೈ ಹದಿನೈದು, ಡಿಸೆಂಬರ್‌ನ ಒಂದು ಮಧ್ಯಾಹ್ನ. ಐದರಲ್ಲಿ ನಾಲ್ಕು ಬೆಳೆ ಇಲ್ಲದ ತಿಂಗಳು. ಗೋಡೆಗೆ ತೂಗುಹಾಕಲು ಕೊಳ್ಳುವ ಮಧ್ಯಮವರ್ಗದ ಗಿರಾಕಿಗೆ ಸುಗ್ಗಿಯೋ ಹೂವೋ ಕೊಡುವುದು ಜಾಣ ವ್ಯಾಪಾರ. ವುಡ್ ಕೊಟ್ಟದ್ದು ಹೆಚ್ಚಾಗಿ ಬರಿ ನೆಲ. ‘ಜನವರಿ’ಯಲ್ಲಿ ಹಿಮ ಹೊದ್ದ ಜೋಳದ ಕಂತೆಗಳು ಸಾಲಾಗಿ ನಿಂತಿವೆ, ಒಂದು ಮೊಲದ ಹೆಜ್ಜೆಗುರುತು ಅವುಗಳತ್ತ ಹೋಗಿದೆ. ‘ಫೆಬ್ರವರಿ’ಯಲ್ಲಿ ಮುಳ್ಳುತಂತಿಯ ಬೇಲಿಯ ಬಳಿ ಮೂರು ಕಪ್ಪು ಕುದುರೆಗಳು. ಮೊದಲನೆಯದರಲ್ಲಿ ಆಸರೆ, ಎರಡನೆಯದರಲ್ಲಿ ಕಾಯುವಿಕೆ. ಮಾರ್ಚ್‌ಗೆ ಬಂದಾಗ ಕುದುರೆ ಬಂಡಿಗೆ ಬಿದ್ದು ದಾರಿ ಹಿಡಿದಿದೆ. ವುಡ್ ಇವನ್ನು ಒಂದು ಮಾಲೆಯೆಂದು ಯೋಜಿಸಿದನೆಂದು ನಾನು ವಾದಿಸುವುದಿಲ್ಲ, ಆದರೆ ಮೂರನ್ನೂ ಜೊತೆಗೆ ನೋಡಿದವರಿಗೆ ರೈತನ ವರ್ಷ ಹಸಿರಿನಿಂದ ಶುರುವಾಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ಆಕ್ಷೇಪ ಕುದುರೆಯದೇ. ಟ್ರ್ಯಾಕ್ಟರಿನ ಕಾಲದಲ್ಲಿ ಕುದುರೆ ಬಂಡಿ ಬರೆಯುವುದು ಹಳೆಯದರ ಹಂಬಲವಲ್ಲದೆ ಇನ್ನೇನು? ಆಕ್ಷೇಪಕ್ಕೆ ಧಾರಾಳ ಆಧಾರವಿದೆ. ವುಡ್ ಹುಟ್ಟಿದ್ದು 1891ರ ಫೆಬ್ರವರಿಯಲ್ಲಿ, ಅಯೋವಾದ ಅನಮೋಸ ಹತ್ತಿರದ ಹೊಲಮನೆಯಲ್ಲಿ. ಮರುವರ್ಷವೇ ಅದೇ ರಾಜ್ಯದಲ್ಲಿ ಜಾನ್ ಫ್ರೋಲಿಕ್ ಎಂಬವನು ಪೆಟ್ರೋಲ್ ಎಂಜಿನ್ನಿನಿಂದ ಹಿಂದೆ ಮುಂದೆ ಓಡುವ ಟ್ರ್ಯಾಕ್ಟರ್ ಮಾಡಿ ತೋರಿಸಿದ. 1930ರ ದಶಕದ ಕೊನೆಗೆ ಅಯೋವಾದ ಹೊಲಗಳಿಗೆ ಟ್ರ್ಯಾಕ್ಟರ್ ಭರದಿಂದ ಬರುತ್ತಿತ್ತು, ಅದರ ಜೊತೆಗೆ ಅಯೋವಾದವನೇ ಆದ ಹೆನ್ರಿ ವ್ಯಾಲೇಸ್ ಪ್ರಚಾರಕ್ಕೆ ತಂದ ಹೈಬ್ರಿಡ್ ಜೋಳವೂ. ವುಡ್‌ನ ಚಿತ್ರಗಳಲ್ಲಿ ಇವೆರಡಕ್ಕೂ ಜಾಗವಿಲ್ಲ. 1901ರಲ್ಲಿ ತಂದೆ ತೀರಿಕೊಂಡಾಗ ಹತ್ತು ವರ್ಷದ ಹುಡುಗ ತಾಯಿಯೊಂದಿಗೆ ಸೀಡರ್ ರ್‍ಯಾಪಿಡ್ಸ್ ಪಟ್ಟಣ ಸೇರಿದ, ಮತ್ತೆ ಬೇಸಾಯಕ್ಕೆ ಇಳಿಯಲಿಲ್ಲ. ಅವನ ಹೊಲಗಳು ಆ ಹುಡುಗನ ಕಣ್ಣಿನಲ್ಲಿ ನಿಂತುಹೋದ ಹೊಲಗಳೇ. ಸಲಕರಣೆಯ ಮಟ್ಟಿಗೆ ಅವನು ಹಿಂದಕ್ಕೆ ನೋಡುತ್ತಿದ್ದ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಂಬಲ ಎನ್ನುವುದು ಹಿಂದಿನದನ್ನು ಹಿತವಾಗಿಸಬೇಕು. ‘ಮಾರ್ಚ್’ನಲ್ಲಿ ಹಿತವಾದದ್ದು ಏನಿದೆ? ಕುದುರೆ ಬಂಡಿಗೆ ಗಾಜಿಲ್ಲ, ಸೂರಿಲ್ಲ. ಅದರಲ್ಲಿ ಹೋಗುವವನ ಮೈ ನೇರ ಗಾಳಿಗೆ. ಆ ಹೊತ್ತಿನ ಅಯೋವಾದಲ್ಲಿ ಕುದುರೆ ಇನ್ನೂ ದುಡಿಯುತ್ತಿತ್ತು ಎಂಬುದನ್ನೂ ಸೇರಿಸಿಕೊಂಡರೆ, ಸುಳ್ಳು ಹೇಳಿದ್ದಾನೆ ಎನ್ನುವ ಆರೋಪ ನಿಲ್ಲುವುದಿಲ್ಲ.

ಮೂರನೆಯದು ಗಂಭೀರವಾದದ್ದು, ರಾಜಕೀಯದ್ದು. ವುಡ್ ಪಾಠ ಹೇಳುತ್ತಿದ್ದ ಅಯೋವಾ ವಿಶ್ವವಿದ್ಯಾಲಯದಲ್ಲೇ ಕೆಲವು ವರ್ಷ ಇದ್ದ ಕಲಾ ಇತಿಹಾಸಕಾರ ಎಚ್.ಡಬ್ಲ್ಯು. ಜಾನ್ಸನ್, 1940ರ ದಶಕದಲ್ಲಿ ಬರೆದ ಲೇಖನಗಳಲ್ಲಿ ವುಡ್ ಮತ್ತು ಥಾಮಸ್ ಹಾರ್ಟ್ ಬೆಂಟನ್ ಅವರ ಪ್ರಾದೇಶಿಕ ಪಂಥವನ್ನು ನಾಜಿ ಜರ್ಮನಿ ಮೆಚ್ಚಿದ ಕಲೆಯ ಸಾಲಿಗೆ ತಂದು ನಿಲ್ಲಿಸಿದ. ಹಿಟ್ಲರನ ಆಳ್ವಿಕೆಯಿಂದಾಗಿ ದೇಶ ಬಿಟ್ಟುಬಂದವನ ಮಾತು ಅದು. ಮಣ್ಣು, ಕುಲ, ರೈತ ಎಂಬ ಮಂತ್ರ ಯಾವ ಬಾಯಿಯಲ್ಲಿ ಏನಾಗುತ್ತದೆಂದು ಅವನು ಕಂಡಿದ್ದ. ಹಸಿರು ಗುಡ್ಡಗಳ ವುಡ್‌ನ ಮೇಲೆ ಈ ಟೀಕೆ ಸ್ವಲ್ಪ ಮಟ್ಟಿಗೆ ತಾಗುತ್ತದೆ ಎಂದೇ ನನ್ನ ಅಭಿಪ್ರಾಯ. ದುಡಿತ, ದಣಿವು, ಸೋಲು ಯಾವುದೂ ಇಲ್ಲದ ಸಮೃದ್ಧ ನೆಲ ಯಾವ ಪ್ರಚಾರಕ್ಕಾದರೂ ಒದಗಿಬರುತ್ತದೆ. ‘ಮಾರ್ಚ್’ ಒದಗಿಬರುವುದಿಲ್ಲ: ಅಲ್ಲಿ ಸಮೃದ್ಧಿ ಇಲ್ಲ, ವೀರ ರೈತನಿಲ್ಲ, ಮನುಷ್ಯನನ್ನು ಒಪ್ಪಿಕೊಂಡ ಭೂಮಿಯೂ ಇಲ್ಲ. ಹಾಗಾದರೆ ಧೂಳಿನ ಬಿರುಗಾಳಿಗಳೆಲ್ಲಿ ಎಂದು ಕೇಳಬಹುದು. 1934ರ ಮೇ ತಿಂಗಳಲ್ಲಿ ನಡುನಾಡಿನ ಮಣ್ಣು ನ್ಯೂಯಾರ್ಕ್, ವಾಷಿಂಗ್ಟನ್‌ಗಳ ಮೇಲೆ ಸುರಿಯಿತು. 1935ರ ಏಪ್ರಿಲ್ 14ರ ‘ಕರಾಳ ಭಾನುವಾರ’ ಓಕ್ಲಹೋಮಾ, ಟೆಕ್ಸಸ್ ಸೀಮೆಗಳಲ್ಲಿ ಹಗಲನ್ನೇ ನುಂಗಿತು. ಟೆಕ್ಸಸ್‌ನ ಚಿತ್ರಕಾರ ಅಲೆಕ್ಸಾಂಡರ್ ಹೋಗ್ 1936ರಲ್ಲಿ ಕೊಚ್ಚಿಹೋದ ನೆಲವನ್ನು ಬೆತ್ತಲೆ ಬಿದ್ದ ತಾಯಿಯಾಗಿ, ಮುಂದೊಂದು ನೇಗಿಲಿಟ್ಟು, ನೇರವಾಗಿಯೇ ಬರೆದ. ಅದರ ಎದುರಿಗೆ ವುಡ್ ಮಾತು ನುಂಗಿದವನಂತೆ ಕಾಣುತ್ತಾನೆ. ಅಯೋವಾ ಧೂಳಿನ ಸೀಮೆಯ ನಡುವೆ ಇರಲಿಲ್ಲ ಎಂಬ ಸಮಜಾಯಿಷಿ ಸಾಲದು. ಲೆ ಮಾರ್ಸ್ ಅಯೋವಾದಲ್ಲೇ ಇತ್ತು, ಅದೂ ಅವನ ಚಿತ್ರಗಳಲ್ಲಿಲ್ಲ. ಈ ಕೊರತೆಯನ್ನು ನಾನು ಮುಚ್ಚಿಡಲಾರೆ. ಆದರೆ ಹೋಗ್‌ನ ಚಿತ್ರ ಒಂದು ದುರಂತದ ಸಾಕ್ಷಿ, ಆ ದುರಂತ ಮುಗಿದರೆ ಇತಿಹಾಸಕ್ಕೆ ಸೇರುತ್ತದೆ. ವುಡ್ ತೋರಿಸಿದ್ದು ದುರಂತವಿಲ್ಲದ ಮಾಮೂಲು ವರ್ಷದಲ್ಲೂ ಇರುವ ಅನಿಶ್ಚಯ. ಸಾಲ ಮಾಡಿ, ಗೇಣಿ ಒಪ್ಪಿ, ಬೀಜ ಕೂಡಿಟ್ಟು, ಹವಾಮಾನಕ್ಕೆ ಕಾಯುವ ರೈತನಿಗೆ ಪ್ರತಿ ವರ್ಷವೂ ಇಂಥದೊಂದು ತಿಂಗಳು ಬಂದೇ ಬರುತ್ತದೆ.

ಉಳಿದದ್ದು ಕೊನೆಯ ತೊಡಕು. ಮಾರ್ಚ್ ತಿಂಗಳೇ ವುಡ್‌ನ ಸತ್ಯವಾಗಿದ್ದರೆ ಅವನು ಅಲ್ಲೇ ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ. 1941ರಲ್ಲಿ ‘ಸ್ಪ್ರಿಂಗ್ ಇನ್ ಟೌನ್’, ‘ಸ್ಪ್ರಿಂಗ್ ಇನ್ ದ ಕಂಟ್ರಿ’ ಎಂಬ ಎರಡು ಬಣ್ಣದ ಚಿತ್ರ ಮುಗಿಸಿದ. ಪಟ್ಟಣದ ಚಿತ್ರದಲ್ಲಿ ಅಂಗಿ ಕಳಚಿದ ತರುಣನೊಬ್ಬ ಕೈತೋಟ ಅಗೆಯುತ್ತಿದ್ದಾನೆ, ಹಿಂದೆ ಬಟ್ಟೆ ಒಣಹಾಕುತ್ತಿದ್ದಾರೆ; ಎಲ್ಲವೂ ಮತ್ತೆ ನುಣುಪು, ಮತ್ತೆ ಅಚ್ಚುಕಟ್ಟು. ಯುದ್ಧ ಹೊಸ್ತಿಲಿಗೆ ಬಂದಿದ್ದ ದೇಶಕ್ಕೆ ಕಾಪಾಡಿಕೊಳ್ಳಬೇಕಾದದ್ದು ಇದು ಎಂದು ತೋರಿಸುವ ಆತುರ ಆ ಚಿತ್ರಗಳಲ್ಲಿದೆ. 1942ರ ಫೆಬ್ರವರಿ 12ರಂದು, 51 ತುಂಬಲು ಒಂದು ದಿನ ಇರುವಾಗ, ಕ್ಯಾನ್ಸರ್‌ನಿಂದ ಅವನು ಸತ್ತ. ಹಾಗಾಗಿ ಬಣ್ಣದ ವುಡ್ ಕಪ್ಪು-ಬಿಳುಪಿನ ವುಡ್‌ನಿಂದ ಏನನ್ನಾದರೂ ಕಲಿತನೇ ಎಂದು ತಿಳಿಯುವ ಅವಕಾಶವೇ ಸಿಗಲಿಲ್ಲ. ನನ್ನ ವಾದಕ್ಕೆ ಅವನು ಕಲಿತಿರಬೇಕಾದ ಅಗತ್ಯವೂ ಇಲ್ಲ. ಕಲಾವಿದ ತಾನು ನಂಬಿದ್ದನ್ನೇ ಎಲ್ಲ ಸಲ ಬರೆಯುವುದಿಲ್ಲ. ಒಮ್ಮೊಮ್ಮೆ ಸಾಧನ ಅವನಿಗಿಂತ ಹೆಚ್ಚು ಪ್ರಾಮಾಣಿಕವಾಗಿರುತ್ತದೆ. ತೈಲಬಣ್ಣ ಅವನು ಕೇಳಿದ ಹಸಿರನ್ನೆಲ್ಲ ಕೊಟ್ಟಿತು. ಕಲ್ಲು ಕೊಟ್ಟದ್ದು ಬೂದು ಬಣ್ಣವೊಂದನ್ನೇ, ಮಾರ್ಚ್ ತಿಂಗಳ ಅಯೋವಾದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ.